ತೊಳೆದ ಹರಳು

“ಇವನಿಗೆ ಹರಳಿಗೂ ಎಂಜಲು ತಟ್ಟೆಗೂ ವ್ಯತ್ಯಾಸ ಗೊತ್ತಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆದುಬಿಡ್ತಾನೆ. ಎಂಟನೇ ಕ್ಲಾಸು ದಾಟದವನ ಕೈಗೆ ಇಂಥ ಕೆಲಸ ಕೊಟ್ಟೆನಲ್ಲ, ಅದೊಂದೇ ನಾನು ಮಾಡಿದ ತಪ್ಪು.”

ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ಇಷ್ಟನ್ನು ಹೇಳಿದ್ದು ಬೆಳಗ್ಗೆ ಹತ್ತೂವರೆಗೆ, ಸೆಮಿನಾರ್ ಕೋಣೆಯಲ್ಲಿ, ಹದಿನಾಲ್ಕು ಜನರ ಎದುರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವರ ಮುಖ ಮೊದಲ ಸಾಲಿನಲ್ಲಿ ಕೂತಿದ್ದ, ಬೇರೆ ಪ್ರಯೋಗಾಲಯದಿಂದ ಬಂದ ಹೊರಗಿನ ಮೇಡಂ ಕಡೆಗಿತ್ತು, ಬೆರಳು ಮಾತ್ರ ಬಾಗಿಲ ಬಳಿ ನಿಂತಿದ್ದ ನನ್ನ ಕಡೆಗೆ. ಎರಡನೇ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯಾರೆಂದು ನೋಡಿಟ್ಟುಕೊಂಡೆ. ಮಿಕ್ಕವರು ನಗಲಿಲ್ಲ, ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡುತ್ತ ಕೂತರು. ಅವರಿಗಿಂತ ನಕ್ಕವನೇ ವಾಸಿ ಅನ್ನಿಸಿತು.

ನಾನು ಇಲ್ಲಿ ಕುಲುಮೆ ಕೋಣೆಯವನು. ಲೋಹ ಕರಗಿಸಿ ಹರಳು ಬೆಳೆಸುವುದು ನನ್ನ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ನಾನು ‘ಕುಲುಮೆ’. ಮುಖ್ಯಸ್ಥರಿಗೆ ಕೆಲಸದವರು ಇಟ್ಟಿರುವ ಹೆಸರು ಜೀರೋ ಸಾರ್. ಬಾಯಿ ಬಿಟ್ಟರೆ ‘ಜೀರೋ ರೆಸಿಸ್ಟೆನ್ಸ್’ ಎನ್ನುತ್ತಾರೆಂದು ಆ ಹೆಸರು. ಬೇರೆ ಕಾರಣಗಳೂ ಇವೆ. ಎಂಟನೇ ಕ್ಲಾಸಿನ ಮಾತು ಸುಳ್ಳಲ್ಲ. ಅಪ್ಪ ತೀರಿಕೊಂಡ ವರ್ಷ ಶಾಲೆ ಬಿಟ್ಟೆ. ಚಿಕ್ಕಪ್ಪ ಇದೇ ಕಟ್ಟಡದಲ್ಲಿ ಗಾಜು ಊದುವವನು. ಅವನ ಹಿಂದೆ ಬಂದವನು ಹನ್ನೊಂದು ವರ್ಷದಿಂದ ಇಲ್ಲೇ ಇದ್ದೇನೆ. ಇಲ್ಲಿಂದ ಡಾಕ್ಟರ್ ಪದವಿ ಪಡೆದು ಹೋದ ಒಂಬತ್ತು ಜನರ ಹರಳುಗಳೂ ನನ್ನ ಕುಲುಮೆಯಿಂದಲೇ ಬಂದವು. ಅವರ ಪೈಕಿ ಇಬ್ಬರಿಗೆ ಲೋಹ ಕರಗಿಸುವ ಮೂಸೆಯನ್ನು ಇಕ್ಕಳದಲ್ಲಿ ಹಿಡಿಯುವುದು ಕೊನೆಯ ದಿನದವರೆಗೂ ಬರಲಿಲ್ಲ.

ಜಗಳ ಹುಟ್ಟಿದ್ದು ಮೂರು ಲೋಹ ಸೇರಿ ಆಗುವ ಒಂದು ಹರಳಿನಿಂದ. ನೋಡಲು ಬೆಳ್ಳಿಯ ಚೂರಿನ ಹಾಗೆ, ಆರು ಮೂಲೆಯ ತೆಳು ಬಿಲ್ಲೆ, ಹೆಬ್ಬೆರಳಿನ ಉಗುರಿನ ಕಾಲು ಭಾಗ. ಅದರೊಳಗೆ ಪರಮಾಣುಗಳು ಬುಟ್ಟಿ ಹೆಣೆದ ಹಾಗೆ ಕೂತಿರುತ್ತವೆ: ನಡುವೆ ಆರು ಮೂಲೆಯ ಕಣ್ಣು, ಸುತ್ತ ತ್ರಿಕೋನ, ಒಂದು ತ್ರಿಕೋನದ ತುದಿಗೆ ಇನ್ನೊಂದರ ತುದಿ. ಜಪಾನಿನ ಬುಟ್ಟಿಯವರ ಮಾತಿನಲ್ಲಿ ಆ ಹೆಣಿಗೆಗೆ ಕಾಗೋಮೆ ಎಂದು ಹೆಸರಂತೆ. ಮೊದಲು ಹೆಣೆದವನ ಹತ್ತಿರ ಯಾರೂ ಮಾರ್ಕ್ಸ್ ಕಾರ್ಡ್ ಕೇಳಿರಲಿಕ್ಕಿಲ್ಲ. ಈ ಹೆಣಿಗೆಯಲ್ಲಿ ಎಲೆಕ್ಟ್ರಾನ್‌ಗಳಿಗೆ ದಾರಿಯೇ ತೋಚುವುದಿಲ್ಲ. ತ್ರಿಕೋನದಲ್ಲಿ ಇಬ್ಬರು ರಾಜಿಯಾದರೂ ಮೂರನೆಯವನು ತಕರಾರು ತೆಗೆಯುತ್ತಾನೆ. ಅಷ್ಟಾಗಿಯೂ ಕೆಲವು ಕಾಗೋಮೆ ಲೋಹಗಳನ್ನು ಚೆನ್ನಾಗಿ ತಣ್ಣಗೆ ಮಾಡಿದರೆ ಎಲೆಕ್ಟ್ರಾನ್‌ಗಳು ತಕರಾರು ಬಿಟ್ಟು ಜೋಡಿ ಕಟ್ಟಿಕೊಂಡು, ಎಳ್ಳಷ್ಟೂ ತಡೆಯಿಲ್ಲದೆ ಹರಿಯುತ್ತವೆ. ಅದೇ ಅತಿವಾಹಕತೆ. ಇದನ್ನೆಲ್ಲ ನನಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಸೆಮಿನಾರ್ ಕೋಣೆಯ ಏಸಿ ಆಗಾಗ ಕೆಡುತ್ತದೆ, ಏಣಿ ಹತ್ತುವವನು ನಾನು, ಕಿವಿ ಎರಡೂ ಸರಿಯಿವೆ.

ನಮ್ಮ ಲೋಹದಲ್ಲಿ ಈ ಗುಣವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಮೂರು ತಿಂಗಳ ಹಿಂದೆ ಜೀರೋ ಸಾರ್ ಕಂಡರು. ಇನ್ನು ತಣ್ಣಗಾಗಲು ಸಾಧ್ಯವೇ ಇಲ್ಲದ ಸೊನ್ನೆಯಿಂದ ಮೇಲಕ್ಕೆ 6.4 ಕೆಲ್ವಿನ್, ಅಲ್ಲಿ ವಿದ್ಯುತ್ತಿಗಿರುವ ತಡೆ, ಅಂದರೆ ರೋಧ, ದಬಕ್ಕನೆ ಸೊನ್ನೆಗೆ ಬಿತ್ತು. ಎಲ್ಲೆಡೆ ಡಂಗುರ. ಆಮೇಲೆ ಹೊರಗಿನ ಮೇಡಂ ತಮ್ಮ ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಹರಳು ಕಳಿಸಿ ಎಂದರು. ಐದು ಹರಳು ಆರಿಸಿ, ಹತ್ತಿಯಲ್ಲಿ ಸುತ್ತಿ, ಪಾರ್ಸೆಲ್ ಕಟ್ಟಿದವನು ನಾನು. ಅವರಿಗೆ ಏನೂ ಸಿಗಲಿಲ್ಲ. 6.4 ಇಲ್ಲ, ಐದಿಲ್ಲ, ನಾಲ್ಕಿಲ್ಲ, ಗೆರೆ ಸಪಾಟು. ಈಗ ಆ ಐದು ಹರಳಿನ ಡಬ್ಬಿ ಹಿಡಿದುಕೊಂಡು ಖುದ್ದಾಗಿ ಬಂದು ಕೂತಿದ್ದರು.

“ಪಾರ್ಸೆಲ್ ಕಟ್ಟೋ ಮುಂಚೆ ತೊಳೆದೆಯೇನೋ?” ಎಂದು ಜೀರೋ ಸಾರ್ ಕೇಳಿದ್ದರು, ಆ ಬೈಗುಳಕ್ಕೆ ಮುಂಚೆ.

“ತೊಳೆದೆ ಸಾರ್. ಸೀಸ ಇರುತ್ತಲ್ಲ.”

ಅಷ್ಟು ಹೇಳಿದ್ದಕ್ಕೇ ಎಂಜಲು ತಟ್ಟೆಯ ಮಾತು ಬಂದದ್ದು.

ಸೀಸದ ವಿಷಯ ಇಷ್ಟೇ. ಆ ಮೂರು ಲೋಹಗಳು ತಮ್ಮಷ್ಟಕ್ಕೆ ಬೆರೆಯುವುದಿಲ್ಲ; ಸೀಸದಲ್ಲಿ ಕರಗಿಸಬೇಕು. ಮೂಸೆಗೆ ಹಾಕಿ, ಚಿಕ್ಕಪ್ಪ ಮಾಡಿಕೊಟ್ಟ ಕ್ವಾರ್ಟ್ಸ್ ಕೊಳವೆಯಲ್ಲಿಟ್ಟು, ಗಾಳಿ ತೆಗೆದು, ಬಾಯಿ ಮುಚ್ಚಿ, ಸಾವಿರ ಡಿಗ್ರಿಗೆ ಏರಿಸಿ, ಗಂಟೆಗೆ ಎರಡೇ ಡಿಗ್ರಿಯಂತೆ ಒಂಬತ್ತು ದಿನ ಇಳಿಸಬೇಕು. ಒಂಬತ್ತನೇ ದಿನ ಕೆಂಪಗಿರುವ ಕೊಳವೆಯನ್ನು ಇಕ್ಕಳದಲ್ಲಿ ಹೊರಗೆಳೆದು, ತಲೆಕೆಳಗು ಮಾಡಿ, ಸೆಂಟ್ರಿಫ್ಯೂಜಿಗೆ ಹಾಕಿ ಗಿರ್ರನೆ ತಿರುಗಿಸಿದರೆ ಇನ್ನೂ ನೀರಾಗಿರುವ ಸೀಸ ಸಿಡಿದು ಕೆಳಗೆ ಹೋಗುತ್ತದೆ, ಹರಳು ಮೇಲೆ ಉಳಿಯುತ್ತದೆ. ಎಷ್ಟು ತಿರುಗಿಸಿದರೂ ಹರಳಿನ ಮೈಮೇಲೆ ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಸ ಅಂಟಿರುತ್ತದೆ. ಅದನ್ನು ಅಸಿಟಿಕ್ ಆಮ್ಲಕ್ಕೆ ಪೆರಾಕ್ಸೈಡ್ ಬೆರೆಸಿ ಬಿಡಿಸುತ್ತೇನೆ. ಹದ ತಪ್ಪದಿದ್ದರೆ ಹರಳಿಗೆ ಏನೂ ಆಗುವುದಿಲ್ಲ, ಕನ್ನಡಿಯಂಥ ಹೊಳಪು ಮಾತ್ರ ಸ್ವಲ್ಪ ಮಂಕಾಗುತ್ತದೆ. ಬೆಂಚಿನಿಂದ ಹೊರಗೆ ಹೋಗುವ ಹರಳು ತೊಳೆದೇ ಹೋಗಬೇಕು ಎನ್ನುವುದು ಚಿಕ್ಕಪ್ಪ ಹಾಕಿಕೊಟ್ಟ ಪಾಠ.

6.4 ಕಂಡ ಆ ಸಲ ಮಾತ್ರ ತೊಳೆಯಲು ಬಿಡಲಿಲ್ಲ. ಕೊಳವೆ ಒಡೆಯುವ ಹೊತ್ತಿಗೆ ಜೀರೋ ಸಾರ್ ಬಂದು ನಿಂತಿದ್ದರು. “ಅಬ್ಬಾ, ಏನು ಮಿಂಚು! ತೊಳೀಬೇಡ, ಹೊಳಪು ಹೋಗುತ್ತೆ. ಫೋಟೋಗೆ ಹೀಗೇ ಇರ್ಲಿ” ಎಂದು ನಾಲ್ಕನ್ನು ಎತ್ತಿಕೊಂಡು ಹೋದರು. ಅಳೆದದ್ದೂ ಅವನ್ನೇ. ಉಳಿದವನ್ನು ನಾನು ಯಥಾಪ್ರಕಾರ ತೊಳೆದು ಎತ್ತಿಟ್ಟೆ. ಪಾರ್ಸೆಲ್‌ಗೆ ಹೋದದ್ದು ಅವು. ತೊಳೆಯದ್ದರಲ್ಲಿ ಬಿತ್ತು, ತೊಳೆದದ್ದರಲ್ಲಿ ಬೀಳಲಿಲ್ಲ. ಇದರಲ್ಲಿ ಲೆಕ್ಕ ಹಾಕುವಂಥದ್ದು ಏನಿದೆ ಎಂದು ನನಗೆ ತಿಳಿಯಲಿಲ್ಲ. ಹರಳಿನ ಮೈಮೇಲೆ ವಿದ್ಯುತ್ತನ್ನು ತಡೆಯಿಲ್ಲದೆ ಪುಕ್ಕಟೆ ಸಾಗಿಸಿದ್ದು ಸೀಸ. ಸೀಸವೂ ಅತಿವಾಹಕವೇ. ಅದು ನನಗೇ ಗೊತ್ತಿರುವಾಗ ಅವರಿಗೆ ಗೊತ್ತಿಲ್ಲವೇ?

ಗೊತ್ತಿತ್ತು. ಅವರ ವಾದ ಬೇರೆ ಇತ್ತು. “ಸೀಸ ಬೀಳೋದು 7.2ರಲ್ಲಿ. ನಮ್ಮದು ಬಿದ್ದಿರೋದು 6.4ರಲ್ಲಿ. ಆದ್ದರಿಂದ ಇದು ಸೀಸ ಅಲ್ಲ, ಹರಳೇ. ಇವನು ಆಸಿಡ್ ಹಾಕಿ ಹರಳನ್ನ ಕೊಂದು ಕಳಿಸಿದಾನೆ.” ಹೀಗೆಂದು ಹೇಳಿ, ಆಫೀಸಿನಿಂದ ಒಂದು ಕಾಗದ ತರಿಸಿದರು. ‘ನನ್ನ ಅಜಾಗರೂಕತೆಯಿಂದ ಅಮೂಲ್ಯ ಮಾದರಿಗಳು ಹಾಳಾಗಿವೆ’ ಎಂದು ಟೈಪ್ ಮಾಡಿ, ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿತ್ತು. ಸಂಜೆಯೊಳಗೆ ಹಾಕಬೇಕು. ಹಾಕಿದರೆ ನನ್ನನ್ನು ಸಿಲಿಂಡರ್ ಹೊರಲು ಗೋಡೌನಿಗೆ ಕಳಿಸುತ್ತಾರೆ, ಹಾಕದಿದ್ದರೆ ಗೇಟಿನಾಚೆಗೆ. ಎರಡರಲ್ಲೂ ಕುಲುಮೆ ಹೋದ ಹಾಗೆಯೇ. ಹರಳು ಹಾಳು ಮಾಡುವ ಕೈ ಎಂದು ಒಮ್ಮೆ ಕಾಗದದ ಮೇಲೆ ಬಂದರೆ, ಸರ್ಟಿಫಿಕೇಟ್ ಇಲ್ಲದವನನ್ನು ಇನ್ಯಾವ ಪ್ರಯೋಗಾಲಯದವರು ಬೆಂಕಿಯ ಹತ್ತಿರ ಬಿಟ್ಟುಕೊಳ್ಳುತ್ತಾರೆ?

ಕಾಗದವನ್ನು ಅಲ್ಲೇ ಬಿಟ್ಟು ಗಾಜಿನ ಕೋಣೆಗೆ ಹೋದೆ. ಚಿಕ್ಕಪ್ಪ ಬರ್ನರಿನ ಮುಂದೆ ಕೂತು ಎರಡು ಕೊಳವೆಗಳನ್ನು ಬೆಸೆಯುತ್ತಿದ್ದ. ಕಪ್ಪು ಕನ್ನಡಕ, ಬಾಯಲ್ಲಿ ಊದುವ ರಬ್ಬರ್ ನಳಿಕೆ. ನಾನು ಬಂದದ್ದು ತಿಳಿದರೂ ಕೈ ನಿಲ್ಲಿಸಲಿಲ್ಲ. ಬೆಸುಗೆ ಮುಗಿದ ಮೇಲೆಯೇ ನಳಿಕೆ ಬಾಯಿಂದ ತೆಗೆದ.

“ಸಹಿ ಹಾಕಿ ಬಾ.”

“ನಿನಗೆ ಯಾರು ಹೇಳಿದ್ರು?”

“ಕ್ಯಾಂಟೀನಿನ ಗೋಡೆಗೂ ಗೊತ್ತಾಗಿದೆ. ಸಹಿ ಹಾಕು, ಗೋಡೌನಿಗೆ ಹೋಗು, ವರ್ಷ ಬಾಯಿ ಮುಚ್ಕೊಂಡಿರು. ಆಮೇಲೆ ಯಾರಿಗೂ ನೆನಪಿರೋಲ್ಲ.”

“ತೊಳೀಬೇಕು ಅಂತ ಹೇಳಿಕೊಟ್ಟೋನು ನೀನು.”

“ತೊಳಿ ಅಂದೆ. ತೊಳೆದೆ ಅಂತ ಹದಿನಾಲ್ಕು ಜನದ ಮುಂದೆ ಎದೆ ಸೆಟೆಸಿ ಹೇಳು ಅಂದಿದ್ನಾ?”

“ಕೇಳಿದ್ರು, ಹೇಳಿದೆ.”

“ನಿಮ್ಮಪ್ಪನ ಬಾಯಿ ಹಾಗೇ ಬಂದಿದೆ ನಿನಗೆ, ಒಂದು ಹಲ್ಲೂ ಕಮ್ಮಿ ಇಲ್ಲ.” ಅವನು ಕನ್ನಡಕ ಹಣೆಗೇರಿಸಿದ. ಕಣ್ಣಿನ ಸುತ್ತ ಬೆವರು. “ನಾಳೆ ಅತ್ತಿಗೆ ಬಂದು, ನನ್ನ ಮಗನ್ನ ನಿನ್ನ ಕೈಗೆ ಕೊಟ್ಟಿದ್ದೆನಲ್ಲ ಅಂದ್ರೆ ನಾನು ಏನು ಹೇಳ್ಲಿ? ನಿಮ್ಮ ಮಗ ವಿಜ್ಞಾನಿ ಆಗಿಬಿಟ್ಟ, ಅದಕ್ಕೇ ಹೊರಗೆ ಹಾಕಿದ್ರು ಅನ್ಲಾ?”

“ನಾನು ಮಾಡಿದ್ದು ಸರಿನೋ ತಪ್ಪೋ, ಅದನ್ನ ಹೇಳು ಮೊದಲು.”

“ಸರಿ ಅಂತ ಗೊತ್ತಿದ್ದೇ ಸಹಿ ಹಾಕು ಅಂತಿರೋದು. ತಪ್ಪು ಮಾಡಿದ್ರೆ ನಾನೇ ನಾಲ್ಕು ಬಿಟ್ಟು ಎಳ್ಕೊಂಡು ಹೋಗ್ತಿರಲಿಲ್ವಾ?”

ಅವನು ಮತ್ತೆ ನಳಿಕೆ ಕಚ್ಚಿಕೊಂಡ. ಇನ್ನು ನನ್ನ ಜೊತೆ ಮಾತಿಲ್ಲ ಎಂದು ಅರ್ಥ. ಸಿಟ್ಟು ಮುಖ್ಯಸ್ಥರ ಮೇಲೆ ಎಷ್ಟಿತ್ತೋ ಅಷ್ಟೇ ಇವನ ಮೇಲೂ ಬಂತು. ಮೇಜಿನ ಮೇಲಿದ್ದ, ಆಗತಾನೇ ಬೆಸೆದ ಕೊಳವೆಯನ್ನು ಎತ್ತಲು ಕೈ ಚಾಚಿದೆ. ಗಾಜು ಮಾಮೂಲಿ ಗಾಜಿನ ಬಣ್ಣಕ್ಕೆ ಬಂದಿತ್ತು. ಚಿಕ್ಕಪ್ಪ ನಳಿಕೆ ಬಿಡದೆಯೇ ನನ್ನ ಕೈಮೇಲೆ ಪಟ್ಟನೆ ಹೊಡೆದ. ಮೇಲೆ ತಣ್ಣಗೆ ಕಂಡರೂ ಬೆಸುಗೆಯ ಗಂಟು ಇನ್ನೂ ಸುಡುತ್ತಿತ್ತು. ಇಂಥದ್ದು ನನಗೆ ಹೊಸದೇನಲ್ಲ. ಕುಲುಮೆ ಇಳಿಯುವಾಗ ಗೋಡೆಗೆ ತಾಗಿಸಿದ ಮಾಪಕ ಒಂದು ಹೇಳುತ್ತದೆ, ಮೂಸೆಯೊಳಗೆ ಇನ್ನೊಂದು ಇರುತ್ತದೆ. ಇಪ್ಪತ್ತು ಡಿಗ್ರಿ ವ್ಯತ್ಯಾಸ ಬಂದದ್ದೂ ಉಂಟು. ಹೊಡೆಸಿಕೊಂಡ ಕೈಯನ್ನು ಉಜ್ಜಿಕೊಳ್ಳುತ್ತ ನಿಂತಾಗ ಹೊಳೆದದ್ದು: 6.4 ಎಂದು ಹೇಳಿದ ಥರ್ಮಾಮೀಟರ್ ಎಲ್ಲಿತ್ತು?

ಅಳತೆಯ ಕೋಣೆಗೆ ಹೋದೆ. ಅಲ್ಲಿರುವವಳು ಬೆಳ್ಳಿ, ಸಂಶೋಧನೆಯ ಹುಡುಗಿ. ಕೂದಲಿಗಿಂತ ಸಣ್ಣ ಚಿನ್ನದ ತಂತಿಗಳನ್ನು ಬೆಳ್ಳಿಯ ಅಂಟಿನಿಂದ ಹರಳಿಗೆ ಕೂರಿಸುತ್ತಾಳೆ. ಆ ಅಂಟು ಉಗುರಿನಿಂದ ಹೋಗುವುದೇ ಇಲ್ಲವೆಂದು ಆ ಹೆಸರು. ಆರು ವರ್ಷದಿಂದ ಡಾಕ್ಟರ್ ಪದವಿಗೆ ದುಡಿಯುತ್ತಿದ್ದಾಳೆ. ಜೀರೋ ಸಾರ್ ಹರಳು ಎತ್ತಿಕೊಂಡು ಹೋದ ದಿನ ನನ್ನ ಪಕ್ಕದಲ್ಲೇ ನಿಂತಿದ್ದಳು.

“ಅವತ್ತು ನೀನು ಇದ್ದೆ” ಎಂದೆ.

“ಇದ್ದೆ.”

“ತೊಳೀಬೇಡ ಅಂದಿದ್ದು ಕೇಳಿಸ್ಕೊಂಡೆ.”

“ಕೇಳಿಸ್ಕೊಂಡೆ. ಏನೀಗ?”

“ಬೆಳಗ್ಗೆ ಸೆಮಿನಾರಿನಲ್ಲಿ ಬಾಯಿಗೆ ಏನು ಬಡಿದಿತ್ತು?”

ಅವಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. “ನಿನಗೆ ಹೋಗೋದು ಒಂದು ಕೆಲಸ. ನನ್ನ ಥೀಸಿಸ್‌ನಲ್ಲಿ ಮೂರು ಅಧ್ಯಾಯ ಆ 6.4ರ ಮೇಲೆ ನಿಂತಿದೆ. ನನ್ನ ಆರು ವರ್ಷಾನ ನಿನ್ನ ಆಸಿಡ್‌ನಲ್ಲಿ ಅದ್ದಬೇಡ.”

“ಥರ್ಮಾಮೀಟರ್ ಎಲ್ಲಿತ್ತು?”

“ಕೋಲಿನ ತುದೀಲಿ.”

“ಹರಳು?”

ಈಗ ಅವಳು ತಲೆ ಎತ್ತಿದಳು. “ನಾಲ್ಕು ಬೆರಳು ಮೇಲೆ.”

ಕೋಲು ಎಂದರೆ ಉದ್ದನೆಯ ಉಕ್ಕಿನ ನಳಿಕೆ. ಅದರ ತುದಿಗೆ ಹರಳು ಕಟ್ಟಿ ದ್ರವ ಹೀಲಿಯಂ ಇರುವ ಡ್ರಮ್ಮಿನೊಳಗೆ ಇಳಿಸುತ್ತಾರೆ. ಕೆಳಗೆ ಹೋದಷ್ಟೂ ತಣ್ಣಗೆ. ತುದಿಯಲ್ಲಿರುವ ಥರ್ಮಾಮೀಟರ್‌ಗೆ ಮೊದಲು ಚಳಿ, ಮೇಲಿರುವ ಹರಳಿಗೆ ಆಮೇಲೆ. ಥರ್ಮಾಮೀಟರ್ 6.4 ಅನ್ನುವಾಗ ಹರಳಿನ್ನೂ ಏಳರ ಮೇಲೆ ಇದ್ದಿರಬೇಕು. ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ, ಅವಳ ಮುಖವೇ ಹೇಳಿತು.

“ಮೇಲಕ್ಕೆ ಎಳೆಯುವಾಗ ಅಳೆದ್ರಾ?”

“ಇಲ್ಲ. ಹೀಲಿಯಂ ಕಮ್ಮಿ ಇತ್ತು. ಸಾರ್ ಸಾಕು ಅಂದ್ರು.”

ನಿಧಾನವಾಗಿ ಮೇಲಕ್ಕೆ ಎಳೆಯುತ್ತ ಇನ್ನೊಮ್ಮೆ ಅಳೆದಿದ್ದರೆ ಬೇರೆಯೇ ಅಂಕಿ ಬಂದು ಗುಟ್ಟು ರಟ್ಟಾಗುತ್ತಿತ್ತು. ಇಷ್ಟೆಲ್ಲ ಓದಿದವರು, ಹಿಗ್ಗಿನಲ್ಲಿ ಒಂದೇ ದಾರಿ ನಡೆದು ಮನೆಗೆ ಹೋಗಿಬಿಟ್ಟಿದ್ದರು.

ಬಾಗಿಲು ತೆರೆಯಿತು. ಜೀರೋ ಸಾರ್, ಅವರ ಹಿಂದೆ ಡಬ್ಬಿ ಹಿಡಿದ ಮೇಡಂ. ಬಿಳಿ ಕೂದಲು, ಮೊಣಕೈವರೆಗೆ ಮಡಿಸಿದ ತೋಳು, ಜಿಪುಣ ಮಾತು. ಜೀರೋ ಸಾರ್ ಅದೇ ರಾಗದಲ್ಲಿದ್ದರು. “ಏಳು ಪಾಯಿಂಟ್ ಎರಡಕ್ಕೂ ಆರು ಪಾಯಿಂಟ್ ನಾಲ್ಕಕ್ಕೂ ವ್ಯತ್ಯಾಸ ಗೊತ್ತಿಲ್ಲದಷ್ಟು ದಡ್ಡನಾ ನಾನು, ನೀವೇ ಹೇಳಿ.”

“ಥರ್ಮಾಮೀಟರ್ ಎಲ್ಲಿತ್ತು ಕೇಳಿ ಮೇಡಂ” ಎಂದೆ.

ಮೇಡಂ ನನ್ನನ್ನು ಚಪ್ಪಲಿಯಿಂದ ತಲೆಯವರೆಗೆ ನೋಡಿದರು. “ನಿನ್ನನ್ನ ಯಾರು ಕೇಳಿದ್ರು?”

“ಯಾರೂ ಕೇಳಲ್ಲ. ಅದಕ್ಕೇ ಹೇಳ್ತಿದೀನಿ.”

“ನೋಡಿದ್ರಾ, ಈ ಧಿಮಾಕು” ಎಂದರು ಜೀರೋ ಸಾರ್.

ಮೇಡಂ ಅವರಿಗೂ ಸೊಪ್ಪು ಹಾಕಲಿಲ್ಲ. ಬೆಳ್ಳಿಯ ಕಡೆ ತಿರುಗಿದರು. “ಎಲ್ಲಿತ್ತು?”

ಬೆಳ್ಳಿ ಒಮ್ಮೆ ಗುರುವಿನ ಮುಖ ನೋಡಿದಳು, ಒಮ್ಮೆ ತನ್ನ ಉಗುರು ನೋಡಿಕೊಂಡಳು. “ನಾಲ್ಕು ಬೆರಳು ಕೆಳಗೆ.”

“ಸರಿ. ನಿಮ್ಮ ಮಾತೂ ಬೇಡ, ಇವನ ಮಾತೂ ಬೇಡ. ನಿಮ್ಮ ಹತ್ತಿರ ಇರೋ ತೊಳೆಯದ್ದು ಒಂದು, ನನ್ನ ಡಬ್ಬೀಲಿರೋ ತೊಳೆದದ್ದು ಒಂದು. ಎರಡನ್ನೂ ಒಂದೇ ಕೋಲಿಗೆ ಕಟ್ಟಿ, ನಡುವೆ ಥರ್ಮಾಮೀಟರ್. ಇಳಿಸಿಯೂ ಅಳೀರಿ, ಏರಿಸಿಯೂ ಅಳೀರಿ.”

“ಹೀಲಿಯಂ ಸುಮ್ಮನೆ ಪೋಲು.”

“ನನ್ನ ಪ್ರಯಾಣ ಪೋಲಾಗೋದು ಬೇಡ ಅಂತ.”

ಬೆಳ್ಳಿ ತಂತಿ ಕೂರಿಸಲು ಕೂತಳು. ನನ್ನ ಕಡೆ ನೋಡದೆಯೇ ಚಿಮುಟ ಚಾಚಿದಳು, ನಾನು ಹಿಡಿದೆ. ಹರಳಿಗೆ ನಾಲ್ಕು ತಂತಿ, ಒಟ್ಟು ಎಂಟು. ಐದನೆಯದು ಎರಡು ಸಲ ಕಿತ್ತು ಬಂತು. “ಉಸಿರು ಆ ಕಡೆ ಬಿಡು” ಎಂದು ನನಗೇ ಗದರಿದಳು. ಥರ್ಮಾಮೀಟರನ್ನು ಎರಡೂ ಹರಳುಗಳ ನಡುವೆ, ತಾಮ್ರದ ತಟ್ಟೆಗೆ ತಾಗುವಂತೆ ನಾನೇ ಅಂಟಿಸಿದೆ. ಅಂಟು ಒಣಗಲು ಒಂದೂವರೆ ಗಂಟೆ ಬೇಕಾಯಿತು. ಜೀರೋ ಸಾರ್ ಆ ಕಾಗದವನ್ನು ತರಿಸಿ ಮೇಜಿನ ಮೇಲೆ ನನ್ನೆದುರಿಗೇ ಇಟ್ಟರು, ಮೇಲೊಂದು ಪೆನ್ನು. “ಇದೊಂದು ನಾಟಕ ಮುಗೀಲಿ. ಮುಗಿದ ತಕ್ಷಣ ಹಾಕಿಬಿಡು.” ಮೇಡಂ ಅದನ್ನು ದೂರದಿಂದಲೇ ಓದಿದರು. ಓದಿ, ಗಡಿಯಾರ ನೋಡಿಕೊಂಡರು. ನನಗಾಗಿ ಮಾತಾಡಲು ಬಂದವರಲ್ಲ ಅವರು. ಅವರಿಗೆ ಬೇಕಾದದ್ದು ಅಳತೆಯ ಗೆರೆ ಮಾತ್ರ.

ಮಧ್ಯಾಹ್ನ ಮೂರಕ್ಕೆ ಕೋಲು ಇಳಿಸಿದೆವು. ಡ್ರಮ್ಮಿನ ಬಾಯಿಂದ ಬಿಳಿ ಆವಿ ಬುಸುಗುಟ್ಟಿತು. ಪರದೆಯ ಮೇಲೆ ಎರಡು ಗೆರೆ, ತೊಳೆಯದ್ದು ಕೆಂಪು, ತೊಳೆದದ್ದು ನೀಲಿ. ನೂರು ಕೆಲ್ವಿನ್‌ನಲ್ಲೂ ಐವತ್ತರಲ್ಲೂ ಎರಡೂ ಒಂದರ ಬೆನ್ನಿಗೆ ಒಂದು, ಜೊತೆಯಾಗಿಯೇ ಇಳಿದವು. ಮೇಡಂ ಬೆರಳಿನಿಂದ ಪರದೆ ತಟ್ಟಿದರು. “ಆಸಿಡ್ ಹರಳನ್ನ ಕೊಂದಿದ್ರೆ ಇವೆರಡೂ ಇಷ್ಟು ಹತ್ತಿರ ಇರ್ತಿರಲಿಲ್ಲ.”

“ಇನ್ನೂ ಕೆಳಗೆ ನೋಡಿ” ಎಂದರು ಜೀರೋ ಸಾರ್.

ಕೋಲನ್ನು ಕೂದಲೆಳೆಯಷ್ಟೇ ಇಳಿಸಿ, ನಿಲ್ಲಿಸಿ, ಮತ್ತೆ ಇಳಿಸಿ. ಎಂಟು. ಏಳೂವರೆ. ಕೆಂಪು ಗೆರೆ ದಬಕ್ಕನೆ ನೆಲಕ್ಕೆ ಬಿತ್ತು.

“ಬಿತ್ತು ನೋಡಿ!” ಎಂದು ಜೀರೋ ಸಾರ್ ಅರ್ಧ ಎದ್ದರು.

“ಎಷ್ಟರಲ್ಲಿ?” ಎಂದರು ಮೇಡಂ.

ಬೆಳ್ಳಿ ಓದಿದಳು. ಪರದೆಯ ಹತ್ತಿರಕ್ಕೆ ಬಗ್ಗಿ ಮತ್ತೆ ಓದಿದಳು. “ಏಳು ಪಾಯಿಂಟ್ ಎರಡು.”

ಮೇಲಕ್ಕೆ ಎಳೆದೆವು. ಏಳು ಪಾಯಿಂಟ್ ಎರಡು. ಮತ್ತೆ ಇಳಿಸಿದೆವು. ಅದೇ. ಸೀಸಕ್ಕೆ ಯಾರ ಮುಲಾಜೂ ಇಲ್ಲ, ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟಕ್ಕೇ ಬೀಳುತ್ತದೆ. ನೀಲಿ ಗೆರೆ ಮಾತ್ರ ಏನೂ ಆಗದಂತೆ ನೇರ ಹೋಗುತ್ತಿತ್ತು. ಜೀರೋ ಸಾರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಮೂರು ತಿಂಗಳ ಡಂಗುರ ಆ ಗಾಜಿನಲ್ಲಿ ಎಲ್ಲಾದರೂ ಅಂಟಿಕೊಂಡಿದೆಯೋ ಎಂದು ಹುಡುಕುತ್ತಿದ್ದರೇನೋ. ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಅಷ್ಟಕ್ಕೇ ಬಿಡುವವರಲ್ಲ ಅವರು. “ಸರಿ, ಸೀಸ ಅಂತಲೇ ಇಟ್ಕೊಳ್ಳೋಣ. ತೊಳೆಯದ ಹರಳನ್ನ ಅಳತೆಗೆ ಕೊಟ್ಟವನು ಯಾರು? ಇವನೇ ತಾನೇ? ಎರಡು ಕಡೆಯಿಂದಲೂ ತಪ್ಪು ಇವನದ್ದೇ.”

ತೊಳೆದರೂ ನನ್ನ ತಪ್ಪು, ತೊಳೆಯದಿದ್ದರೂ ನನ್ನ ತಪ್ಪು. ಬಾಯಿ ತೆರೆದಿದ್ದರೆ ಆ ಕೋಣೆಯಲ್ಲಿ ಹೇಳಬಾರದ ಮಾತು ಬರುತ್ತಿತ್ತು. ಅಷ್ಟರಲ್ಲಿ ಬೆಳ್ಳಿ ಹೇಳಿದಳು, ಪರದೆಯನ್ನೇ ನೋಡುತ್ತ, ದಿನಸಿಯ ಪಟ್ಟಿ ಓದುವ ದನಿಯಲ್ಲಿ: “ನೀವೇ ಬೇಡ ಅಂದ್ರಿ ಸಾರ್. ಫೋಟೋಗೆ ಹೊಳಪು ಬೇಕು ಅಂತ. ನಾನು ಅಲ್ಲೇ ಇದ್ದೆ.”

ಹೇಳಿದವಳೇ ಎದ್ದು ಹೋಗಿ ಪಂಪಿನ ಸ್ವಿಚ್ ಒತ್ತಿದಳು. ಯಾರನ್ನೂ ಕೇಳಲಿಲ್ಲ.

ದ್ರವ ಹೀಲಿಯಂ ತನ್ನಷ್ಟಕ್ಕೆ ನಾಲ್ಕಕ್ಕಿಂತ ಕೆಳಗೆ ಹೋಗುವುದಿಲ್ಲ. ಇನ್ನೂ ತಣ್ಣಗಾಗಬೇಕಾದರೆ ಅದರ ಆವಿಯನ್ನು ಪಂಪಿನಿಂದ ಎಳೆಯುತ್ತ ಇರಬೇಕು. ಆ ಹರಳನ್ನು ನಾಲ್ಕರ ಕೆಳಗೆ ಯಾರೂ ನೋಡಿರಲಿಲ್ಲ. ಇವರಿಗೆ 6.4ರಲ್ಲೇ ಸಂಭ್ರಮ ಮುಗಿದಿತ್ತು, ಮೇಡಂ ಆ 6.4ನ್ನು ನಾಲ್ಕರವರೆಗೆ ಹುಡುಕಿ ಅಲ್ಲಿಗೇ ನಿಲ್ಲಿಸಿದ್ದರು. ಬೆಳ್ಳಿ ಕೆಳಗೆ ಹೋದದ್ದು ಏನೋ ಸಿಗುತ್ತದೆಂದಲ್ಲ. ಆರು ವರ್ಷ ಹೀಗೆ ನೀರಾಗುವಾಗ ಸುಮ್ಮನೆ ಕೂರಲಾಗದೆ. ಪಂಪು ಗುರುಗುಟ್ಟಿತು, ನೆಲ ಅದುರಿತು. ಮೂರೂವರೆ. ಮೂರು. ಕೆಂಪು ಗೆರೆ ಆಗಲೇ ಸೊನ್ನೆಯಲ್ಲಿ ಬಿದ್ದಿತ್ತು, ಅದರ ಕಥೆ ಮುಗಿದಿತ್ತು. ನೀಲಿ ಗೆರೆ 2.9ರ ಹತ್ತಿರ ತುಸು ಬಾಗಿತು. ಯಂತ್ರದ ಅದುರು ಇರಬಹುದೆಂದುಕೊಂಡೆ. 2.8. ಇನ್ನೂ ಬಾಗಿತು. 2.7ಕ್ಕೆ ಸೊನ್ನೆ.

ಬೆಳ್ಳಿ ಬಾಯಿಗೆ ಕೈ ಅಡ್ಡ ಹಿಡಿದಳು. ಮೇಡಂ “ಮೇಲಕ್ಕೆ” ಎಂದರು. ಏರಿಸಿದೆವು, ಗೆರೆ ಮೇಲೆದ್ದಿತು. “ಕೆಳಕ್ಕೆ.” ಬಿತ್ತು, 2.7. ನಾಲ್ಕು ಸಲ ಮಾಡಿಸಿದರು, ನಾಲ್ಕು ಸಲವೂ ಅದೇ. 2.7ರಲ್ಲಿ ಬೀಳುವ ಸೀಸ ಇಲ್ಲ, ಮೂಸೆಯಲ್ಲಿದ್ದ ಮೂರು ಲೋಹಗಳಲ್ಲಿ ಯಾವೊಂದೂ ಬಿಡಿಯಾಗಿ ಅಲ್ಲಿ ಬೀಳುವುದಿಲ್ಲ. ಅದು ಬುಟ್ಟಿಯದೇ ಗುಣ, ಹೆಣಿಗೆಯದೇ. ನಾನು ತೊಳೆದು ಕಳಿಸಿದ ಹರಳಿನೊಳಗೆ ಆ ಗುಣ ಮೂರು ತಿಂಗಳು ಹತ್ತಿಯಲ್ಲಿ ಸುತ್ತಿಕೊಂಡು ಕೂತಿತ್ತು. ಸೀಸ ಮೆತ್ತಿದ ಹರಳಿನಲ್ಲಿ ಅದು ಎಂದೆಂದೂ ಕಾಣುತ್ತಿರಲಿಲ್ಲ.

“ಹರಳು ಅಯಸ್ಕಾಂತವನ್ನ ಹೊರದೂಡುತ್ತಾ ಅನ್ನೋ ಪರೀಕ್ಷೆ ಇನ್ನೂ ಆಗಬೇಕು” ಎಂದರು ಮೇಡಂ. “ಅದಾಗೋವರೆಗೆ ಯಾರೂ ಬಾಯಿ ಬಿಡಬಾರದು.” ಆದರೆ ಅವರ ದನಿ ಬದಲಾಗಿತ್ತು. ಮಡಿಸಿದ್ದ ತೋಳನ್ನು ಸುಮ್ಮಸುಮ್ಮನೆ ಇನ್ನೊಂದು ಮಡಿಕೆ ಮೇಲೇರಿಸಿಕೊಂಡರು.

ಜೀರೋ ಸಾರ್ ಚೇತರಿಸಿಕೊಳ್ಳಲು ಅರ್ಧ ನಿಮಿಷ ಸಾಕಾಯಿತು. ಕನ್ನಡಕ ಮೂಗಿನ ಮೇಲೆ ಗಟ್ಟಿಯಾಗಿ ಕೂತಿತು. “ನಾನು ಮೊದಲಿಂದಲೂ ಹೇಳ್ತಾನೇ ಬಂದಿದೀನಿ, ಈ ಲೋಹದಲ್ಲಿ ಅತಿವಾಹಕತೆ ಇದೆ ಅಂತ. ಅಂಕಿ ಸ್ವಲ್ಪ ಆಚೀಚೆ, ಅಷ್ಟೇ.” ಮಾತಾಡುತ್ತಲೇ ಮೇಜಿನ ಮೇಲಿದ್ದ ಕಾಗದವನ್ನು, ಟೇಬಲ್ ಒರೆಸುವವರ ಹಾಗೆ ಅಂಗೈಯಿಂದ ಸವರಿ, ತಮ್ಮ ಫೈಲಿನೊಳಗೆ ಸೇರಿಸಿಕೊಂಡರು. ಹರಿಯಲಿಲ್ಲ. ಸೇರಿಸಿಕೊಂಡರು.

“ಮೇಲ್ಮೈ ಶುದ್ಧ ಇದ್ದದ್ದರಿಂದ ಕಂಡಿತು” ಎಂದರು ಮೇಡಂ, ನೋಟ್‌ಪುಸ್ತಕ ತೆರೆಯುತ್ತ. “ತೊಳೆದ ವಿಧಾನ ಯಾರದ್ದು?”

“ನಮ್ಮದೇ. ನಮ್ಮ ಪ್ರಯೋಗಾಲಯದಲ್ಲೇ ರೂಢಿಸಿದ್ದು. ಬಹಳ ವರ್ಷದ ಪರಿಶ್ರಮ.”

“ಹೌದಾ. ಆಮ್ಲಕ್ಕೆ ಪೆರಾಕ್ಸೈಡ್ ಯಾವ ಪ್ರಮಾಣ? ಎಷ್ಟು ಹೊತ್ತು ಅದ್ದುತ್ತೀರಿ? ನನ್ನ ಕಡೆಯವರೂ ಹಾಗೇ ಮಾಡಬೇಕಲ್ಲ, ಇಲ್ಲದಿದ್ರೆ ಈ ಫಲಿತಾಂಶಕ್ಕೆ ನಾನು ಸಹಿ ಹಾಕೋಕೆ ಆಗಲ್ಲ.”

ಜೀರೋ ಸಾರ್ ಬೆಳ್ಳಿಯನ್ನು ನೋಡಿದರು. ಬೆಳ್ಳಿ ತಲೆಯಾಡಿಸಿದಳು, ಅವಳಿಗೂ ಗೊತ್ತಿಲ್ಲ. ಅವಳ ಕೈಗೆ ಹರಳು ಬರುವುದು ತೊಳೆದ ಮೇಲೆ. ಎಲ್ಲಿಯೂ ಬರೆದಿಟ್ಟಿಲ್ಲ, ಬರೆಯುವಂಥದ್ದೂ ಅಲ್ಲ. ಗಡಿಯಾರ ನೋಡಿ ಮಾಡಿದರೆ ಕೆಡುತ್ತದೆ. ಗುಳ್ಳೆ ಏಳುವ ರೀತಿ ಬದಲಾಗುವ ಒಂದು ಗಳಿಗೆ ಇದೆ, ಅದಕ್ಕೆ ಕಾಯಬೇಕು. ಆ ಗಳಿಗೆ ಕಣ್ಣಿಗೆ ಹತ್ತಲು ನನಗೆ ಎರಡು ವರ್ಷ ಹಿಡಿಯಿತು, ಎಷ್ಟೋ ಹರಳು ಕರಗಿಹೋದವು.

ಜೀರೋ ಸಾರ್ ನನ್ನ ಹತ್ತಿರ ಬಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಭುಜದ ಮೇಲೆ ಕೈ ಇಟ್ಟರು. ಕೈ ಬೆಚ್ಚಗಿತ್ತು.

“ಹೇಳಪ್ಪಾ, ಮೇಡಂಗೆ ಹೇಳು. ಎಷ್ಟು ನಿಮಿಷ ಅದ್ದೋದು?”

ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ಅವರು ಕಾದದ್ದೂ ನನಗಲ್ಲ, ಅಂಕಿಗೆ. ಬೆಳ್ಳಿ ಮಾತ್ರ ನನ್ನ ಮುಖ ನೋಡಿದಳು, ಹೇಳಬೇಡ ಅಂತಲೋ ಹೇಳು ಅಂತಲೋ ಗೊತ್ತಾಗಲಿಲ್ಲ. ಪಂಪು ಇನ್ನೂ ಗುರುಗುಡುತ್ತಿತ್ತು. ಫೈಲು ಜೀರೋ ಸಾರ್ ಕಂಕುಳಲ್ಲಿತ್ತು, ಕಾಗದದ ಒಂದು ಮೂಲೆ ಹೊರಗೆ ಇಣುಕುತ್ತಿತ್ತು.

“ಏನಪ್ಪಾ? ಎಷ್ಟು ನಿಮಿಷ?”

ಆ ಕಾಗದ ಹರಿಯುವವರೆಗೆ ಆ ಗಳಿಗೆ ನನ್ನ ಕಣ್ಣಲ್ಲೇ ಇರಲಿ ಎಂದುಕೊಂಡು, ಭುಜದ ಮೇಲಿನ ಕೈಯಿಂದ ಸರಿದು, ಜೇಬಿನಲ್ಲೇ ಉಳಿದಿದ್ದ ಚಿಮುಟವನ್ನು ಬೆಳ್ಳಿಯ ಮೇಜಿನ ಮೇಲಿಟ್ಟು, ಬಾಗಿಲು ತೆರೆದು ಹೊರಗೆ ನಡೆದೆ.